ಹತ್ತೋದು ಬಿಡಿ, ಇಳಿದು ನಿಲ್ಲತ್ತಾ?

ನಾನಿರೋದು ಪಿಟ್ಸ್‌ಬರ್ಗ್ ಪಕ್ಕದ ಒಂದು ಟೌನ್‌ಶಿಪ್ಪಲ್ಲಿ. ಅಮೆರಿಕ ಅಂದ್ರೆ ಸಪಾಟು ನೆಲ ಅಂದ್ಕೊಂಡು ಬಂದೋನಿಗೆ ಇಲ್ಲಿ ಸಿಕ್ಕಿದ್ದು ಥೇಟ್ ಕೊಪ್ಪ, ತೀರ್ಥಹಳ್ಳಿ ಕಡೆ ಏರು ಇಳುಕಲು. ಪಿಟ್ಸ್‌ಬರ್ಗ್ ಊರೊಳಗೇ ಕ್ಯಾಂಟನ್ ಅವೆನ್ಯೂ ಅಂತ ರಸ್ತೆ ಇದೆ, 37% ಏರು ಅಂತಾರೆ, ಹತ್ತುವಾಗ ಬಾನೆಟ್ ಬಿಟ್ರೆ ಆಕಾಶ ಮಾತ್ರ ಕಾಣೋದು. ನಮ್ಮನೆ ಹಿತ್ತಲು ಅಷ್ಟಿಲ್ಲ, ಆದ್ರೆ ಒಂದೆಕರೆ ಮೇಲಿದೆ, ಹುಲ್ಲು ಬೆಳೆಯಕ್ಕೆ ಬಿಟ್ರೆ ಟೌನ್‌ಶಿಪ್ಪಿನ ನೋಟಿಸು ಬರತ್ತೆ, ತಳ್ಳೋ ಮಷಿನಲ್ಲಿ ಎರಡು ವರ್ಷ ಏಗಿ ಸೊಂಟ ಹೋಯ್ತು, ಹಂಗಾಗಿ ಈ ಸಲ ಹಳೇದೊಂದು ಲಾನ್ ಟ್ರ್ಯಾಕ್ಟರ್ (ಮೇಲೆ ಕೂತು ಹುಲ್ಲು ಹೊಡೆಯೋ ಚಿಕ್ಕ ಗಾಡಿ) ತಗೊಳ್ಳಣ ಅಂತ ಹೊರಟೆ.

ನಮ್ಮಲ್ಲಿ ಮೈಸೂರಿನ ಹಳೇ ಜಾವಾ ಬೈಕ್ ಅಂದ್ರೆ ಪ್ರಾಣ ಬಿಡ್ತಾರಲ್ಲ, ಇಲ್ಲಿನವರಿಗೆ ಹಳೇ ಟ್ರ್ಯಾಕ್ಟರ್ ಹಂಗೆ. ಜಾನ್ ಡಿಯರ್ 110 ಬಂದಿದ್ದು 1963ರಲ್ಲಿ, ಕಬ್ ಕೆಡೆಟ್ ಅದಕ್ಕೂ ಮುಂಚೆ, ಅಂಥವು ಇವತ್ತಿಗೂ ಯಾರದೋ ಹಿತ್ತಲಲ್ಲಿ ಹುಲ್ಲು ಹೊಡೀತಾ ಇದಾವೆ. ಎರಕದ ಕಬ್ಬಿಣದ ಗೇರ್ ಬಾಕ್ಸು, ದಪ್ಪ ಫ್ರೇಮು. ಈಗ ಕಮ್ಮಿ ರೇಟಲ್ಲಿ ಬರೋ ಗಾಡಿಗಳಲ್ಲಿ ಗೇರಿನ ಬದಲು ಚಿಕ್ಕ ಸೀಲ್ಡ್ ಹೈಡ್ರೋ (ಎಣ್ಣೆ ಒತ್ತಡದಿಂದ ಚಕ್ರ ತಿರುಗಿಸೋ, ಬಿಚ್ಚಕ್ಕಾಗದ ಡಬ್ಬ) ಇರತ್ತೆ, ಏರು ಹತ್ತಿ ಹತ್ತಿ ಅದರ ಎಣ್ಣೆ ಕಾದು ತೆಳ್ಳಗಾಯ್ತು ಅಂದ್ರೆ ಎಳೆಯೋ ಶಕ್ತಿ ಇಳಿದುಹೋಗತ್ತೆ. ಅದಕ್ಕೇ "ಗುಡ್ಡಕ್ಕೆ ಹಳೇದೇ ಸರಿ" ಅಂತ ಎಲ್ರೂ ಹೇಳ್ತಾರೆ. ನಾನೂ ನಂಬಿದ್ದೆ. ಈಗ ಅರ್ಧ ನಂಬ್ತೀನಿ.

ಯಾಕಂದ್ರೆ ಆ ಕಾಲದ ಎಷ್ಟೋ ಸಿಂಗಲ್ ಸಿಲಿಂಡರ್ ಎಂಜಿನ್ನಲ್ಲಿ ಆಯಿಲ್ ಪಂಪೇ ಇಲ್ಲ. ಕನೆಕ್ಟಿಂಗ್ ರಾಡ್ ತುದೀಲಿ ಸೌಟಿನ ಥರ ಒಂದು ಚೂರು ಇರತ್ತೆ, ಅದು ಸುತ್ತು ಸುತ್ತಿಗೂ ತಳದ ಎಣ್ಣೆಗೆ ಮುಳುಗಿ ಮೇಲೆ ಎರಚತ್ತೆ ಅಷ್ಟೇ. ಗಾಡಿ ಜಾಸ್ತಿ ವಾಲಿ ಎಣ್ಣೆ ಒಂದು ಮೂಲೆಗೆ ಸರಿದ್ರೆ ಆ ಸೌಟಿಗೆ ಸಿಗೋದು ಗಾಳಿ. ಎಂಜಿನ್ ಸದ್ದೇನೂ ಬದಲಾಗಲ್ಲ, ಆಮೇಲೊಂದಿನ ರಾಡ್ ಮುರಿಯತ್ತೆ.

ಬ್ರೇಕಿನ ಕತೆ ಇನ್ನೂ ಬೇರೆ. ಈ ಚಿಕ್ಕ ಟ್ರ್ಯಾಕ್ಟರಲ್ಲಿ ಸಾಮಾನ್ಯವಾಗಿ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಇರಲ್ಲ, ಗೇರ್ ಬಾಕ್ಸಿಗೆ ಒಂದೇ, ಮಧ್ಯೆ ಎರಡು ಚಕ್ರನೂ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಡಿಫರೆನ್ಷಿಯಲ್ಲು. ಅಡ್ಡ ಇಳಿಜಾರಲ್ಲಿ ಮೇಲ್ಗಡೆ ಚಕ್ರ ಹಗುರಾಗಿ ಹಿಡಿತ ಬಿಟ್ಟಿತು ಅಂದ್ಕೊಳಿ, ಅದು ಹಿಂದಕ್ಕೆ ತಿರುಗತ್ತೆ, ಕೆಳಗಿನ ಚಕ್ರ ಮುಂದಕ್ಕೆ ಉರುಳತ್ತೆ, ನೀವು ಪೆಡಲ್ ಮೇಲೆ ಎದ್ದು ನಿಂತ್ರೂ ಗಾಡಿ ಜಾರ್ತಾನೇ ಇರತ್ತೆ. ಬೆಳಗ್ಗೆ ಇಬ್ಬನಿ ಇದ್ರಂತೂ ಕೇಳೋದೇ ಬೇಡ. ಚಕ್ರಕ್ಕೆ ಕಬ್ಬಿಣದ ತೂಕ ಕಟ್ತಾರೆ, ಟಯರಿಗೆ ನೀರಿನಂಥದ್ದು ತುಂಬಿಸ್ತಾರೆ, ಹಿಡಿತ ಜಾಸ್ತಿ ಆಗತ್ತೆ ನಿಜ, ಹಂಗಂತ ಗಾಡಿ ಮಗುಚೋದೇ ಇಲ್ಲ ಅಂತಲ್ಲ.

ನಾನು ನೋಡಕ್ಕೆ ಹೋಗಿದ್ದು ಒಬ್ಬರು ವಯಸ್ಸಾದವರ ಮನೆಗೆ. ಆಯಿಲ್ ಚೇಂಜ್ ಮಾಡಿದ ತಾರೀಕೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ರು, ಅದನ್ನ ನೋಡಿ ನನಗೆ ನಾಚಿಕೆ ಆಯ್ತು, ನಮ್ಮೂರಲ್ಲಿ ಸೆಕೆಂಡ್ ಹ್ಯಾಂಡ್ ಟಿಲ್ಲರ್ ತಗೊಳ್ಳುವಾಗ "ಏನೂ ತೊಂದ್ರೆ ಇಲ್ಲ, ಕಣ್ಮುಚ್ಚಿ ತಗೊಳಿ" ಅನ್ನೋದೊಂದೇ ದಾಖಲೆ. ಆದ್ರೆ ಸೀಟ್ ಎತ್ತಿ ನೋಡಿದ್ರೆ ಅಡಿಯಲ್ಲಿ, ಸೀಟ್ ಖಾಲಿಯಾದ್ರೆ ಗಾಡಿ ನಿಲ್ಲಿಸೋ ಸ್ವಿಚ್ಚಿನ ಎರಡು ವೈರು ತಿರುಚಿ ಕಪ್ಪು ಟೇಪ್ ಸುತ್ತಿದೆ. ಅಂದ್ರೆ ಸೀಟಿಂದ ಬಿದ್ರೂ ಬ್ಲೇಡ್ ನಿಲ್ಲಲ್ಲ. ಅವರ ಜಾಗ ಮೈದಾನದ ಥರ ಇತ್ತು, ಅವರಿಗೆ ಅದು ದೊಡ್ಡ ವಿಷ್ಯ ಅನ್ನಿಸಿಲ್ಲ.

ಅಪ್ಪಯ್ಯಂಗೆ ವಿಡಿಯೋ ಕಾಲ್ ಮಾಡಿ ಗಾಡಿ ತೋರಿಸ್ದೆ. ಅವರು ವರ್ಷಗಟ್ಟಲೆ ಆಗುಂಬೆ ಘಾಟಿಯ 14 ತಿರುವಲ್ಲಿ ಜೀಪ್ ಓಡಿಸಿದವರು. "ಹತ್ತೋದನ್ನ ಎಂತ ನೋಡ್ತೀಯೋ ಮಾರಾಯ, ಇಳಿಸಿ ನಿಲ್ಲಿಸಕ್ಕೆ ಹೇಳು ಅವರಿಗೆ" ಅಂದ್ರು. ಸರಿ, ಆ ಹಿರಿಯರ ಡ್ರೈವ್‌ವೇನಲ್ಲಿ ಸ್ವಲ್ಪ ಇಳಿಜಾರಿತ್ತು, ಅಲ್ಲಿ ನ್ಯೂಟ್ರಲ್ ಮಾಡಿ ಬ್ರೇಕ್ ತುಳಿದೆ. ನಿಧಾನಕ್ಕೆ, ಹಸು ಹಟ್ಟಿಗೆ ಹೋದಂಗೆ, ಕೆಳಗೆ ಹೋಯ್ತು! ಕ್ಲಚ್ಚೂ ಬ್ರೇಕೂ ಒಂದೇ ಪೆಡಲ್ಲು ಬೇರೆ, ತುಳಿದ ತಕ್ಷಣ ಎಂಜಿನ್ ಹಿಡಿತವೂ ಹೋಗತ್ತೆ. ಘಾಟಿಲಿ ಹತ್ತಿದ ಗೇರಲ್ಲೇ ಇಳೀಬೇಕು, ಮಧ್ಯ ಗೇರ್ ಮುಟ್ಟಬಾರದು ಅಂತಾರಲ್ಲ, ಇಲ್ಲೂ ಅದೇ ಕಾನೂನು.

ಮನೆಗೆ ಬಂದು ಹತ್ತಡಿ ಹಲಗೆ ಇಟ್ಟು, ಮೇಲೆ ಫೋನ್ ಮಲಗಿಸಿ ಅಳತೆ ಮಾಡ್ದೆ. ಮನೆ ಮುಂದಿನ ಇಳಿಜಾರು 9 ಡಿಗ್ರಿ, ಹಿಂದಿನದು 18. ಮ್ಯಾನುವಲ್‌ಗಳಲ್ಲಿ ಸಾಮಾನ್ಯವಾಗಿ 15 ಡಿಗ್ರಿ ದಾಟಬೇಡಿ ಅಂತಿರತ್ತೆ, ಅಂದ್ರೆ ಹತ್ತಡಿಗೆ ಎರಡಡಿ ಎಂಟಿಂಚು ಏರು, ಶೇಕಡಾ ಲೆಕ್ಕದಲ್ಲಿ 27. ಡಿಗ್ರಿ, ಶೇಕಡಾ ಎರಡೂ ಒಂದೇ ಅಂದ್ಕೊಂಡು ನಾನು ಇಷ್ಟು ದಿನ ಆರಾಮಾಗಿದ್ದೆ. ಕೊನೇ ಪುಟದಲ್ಲಿ ಇಳಿಜಾರು ಅಳೆಯೋ ಗೆರೆಯನ್ನೂ ಪ್ರಿಂಟ್ ಮಾಡಿರ್ತಾರೆ, ಮಡಿಚಿ ಮರಕ್ಕೆ ಹಿಡಿದು ನೋಡಿದ್ರೆ ಗೊತ್ತಾಗತ್ತೆ, ಈ ವಿಷ್ಯದಲ್ಲಿ ಇವರನ್ನ ಮೆಚ್ಚಬೇಕು. ಕೂತು ಓಡಿಸೋದಾದ್ರೆ ಮೇಲೆ ಕೆಳಗೆ ಹೊಡೀಬೇಕು, ತಳ್ಳೋದಾದ್ರೆ ಅಡ್ಡಡ್ಡ, ಅದನ್ನೂ ಬರೆದಿರ್ತಾರೆ.

ಮೆಚ್ಚದೇ ಇರೋದು ಏನಂದ್ರೆ, 18 ಡಿಗ್ರಿ ಧರೆಯೂ ಕಾರ್ಪೆಟ್ ಥರ ಇರ್ಬೇಕು ಅನ್ನೋ ಹಟ. ನಮ್ಮಲ್ಲಿ ಅಂಥ ಜಾಗ ಇದ್ರೆ ಕಡಿದು ಮೆಟ್ಟಿಲು ಮಾಡಿ ಅಡಿಕೆನೋ ಕಾಳುಮೆಣಸೋ ಹಾಕ್ತಾರೆ, ಇಲ್ಲಾಂದ್ರೆ ಸೊಪ್ಪಿಗೆ ಬಿಡ್ತಾರೆ, ಟಿಲ್ಲರನ್ನ ಧರೆ ಅಂಚಿಗೆ ಯಾರೂ ಒಯ್ಯಲ್ಲ. (ಹವಾಯಿ ಚಪ್ಪಲಿ ಹಾಕ್ಕೊಂಡು ವೀಡ್ ಕಟರ್ ಹೊಡೀತಾರೆ, ಅದು ಬೇರೆ ವಿಷ್ಯ.)

ನನ್ನ ತೀರ್ಮಾನ: ಹಳೇ ಗಾಡಿ ಮುಂದಿನ ಜಾಗಕ್ಕೆ ಸಾಕು, ಹಿಂದಿನ ಇಳಿಜಾರಿಗೆ ಹಳೇದೂ ಬೇಡ ಹೊಸದೂ ಬೇಡ, ಅಲ್ಲಿ ಪೊದೆ ಗಿಡ ನೆಡ್ತೀನಿ. ಆ ಹಿರಿಯರು ಬ್ರೇಕ್ ಬ್ಯಾಂಡ್ ಬದಲಾಯಿಸಿ, ಸೀಟಿನ ಸ್ವಿಚ್ ಸರಿಮಾಡಿ ಫೋನ್ ಮಾಡ್ತೀನಿ ಅಂದಿದಾರೆ. ನಾನು ಬರೋಕೆ ಮುಂಚೆ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಟ್ಟಿರಿ ಅಂತ ಹೇಳಿದೀನಿ, ತಣ್ಣಗಿದ್ದಾಗ ಎಲ್ಲಾ ಗಾಡಿನೂ ಚೆನ್ನಾಗೇ ಹತ್ತತ್ತೆ.