ಜೋಡಿ ಚಕ್ರದಲ್ಲಿ ಒಂದು ಪಂಕ್ಚರ್ ಆದರೆ ಲಾರಿ ಓಡಿಸಬಹುದೇ?

‘ಹಿಂದಿನ ಜೋಡಿ ಚಕ್ರದಲ್ಲಿ ಒಂದು ಪಂಕ್ಚರ್ ಆದರೂ ಇನ್ನೊಂದು ಭಾರ ಹೊರುತ್ತದೆ, ನಿಧಾನವಾಗಿ ಅಂಗಡಿಯವರೆಗೆ ಓಡಿಸಿ’ ಎಂಬ ಸಂದೇಶ ಚಾಲಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಇದು ತಪ್ಪು ಸಲಹೆ.

2018ರಿಂದ ನಾಲ್ಕು ಟೈರುಗಳ (ಬದಿಗೆ ಎರಡರಂತೆ) ಒಂಟಿ ಆ್ಯಕ್ಸಲ್‌ಗೆ, ಅಂದರೆ ಚಕ್ರಗಳ ಅಚ್ಚಿಗೆ, ನಮ್ಮಲ್ಲಿ 11.5 ಟನ್‌ವರೆಗೆ ಅನುಮತಿ ಇದೆ. ಅಂದರೆ ಒಂದು ಬದಿಗೆ 5.75 ಟನ್. ಲಾರಿಗೆ ಹಾಕುವ 20 ಇಂಚಿನ ಸಾಮಾನ್ಯ ಟೈರೊಂದು ಹೊರಬಲ್ಲದ್ದು ಸುಮಾರು 3 ಟನ್. ತುಂಬಿದ ಲಾರಿಯಲ್ಲಿ ಉಳಿದ ಟೈರಿನ ಪಾಡೇನು, ನೀವೇ ಲೆಕ್ಕ ಹಾಕಿ. ಗಾಳಿ ಹೋದ ಟೈರು ಸುಮ್ಮನಿರುವುದಿಲ್ಲ. ಮಡಚಿಕೊಳ್ಳುತ್ತಾ, ಪಕ್ಕದ ಟೈರಿಗೆ ಉಜ್ಜುತ್ತಾ ಬಿಸಿಯೇರುತ್ತದೆ. ಹಾಗೆ ಕಾದು ಬೆಂಕಿ ಹತ್ತಿ ಸರಕಿನ ಸಮೇತ ಸುಟ್ಟ ಲಾರಿಗಳುಂಟು.

ಹೀಗೆ ಗಾಳಿಯಿಲ್ಲದೆ ಓಡಿದ ರೇಡಿಯಲ್ (ಉಕ್ಕಿನ ತಂತಿಯ) ಟೈರಿನ ಪಕ್ಕೆಯೊಳಗಿನ ಉಕ್ಕಿನ ತಂತಿಗಳು ಹೊರಗೆ ಕಾಣದಂತೆ ತುಂಡಾಗಿರಬಹುದು. ಅದಕ್ಕೆ ಮತ್ತೆ ನೂರು ಪಿಎಸ್‌ಐ ಗಾಳಿ ತುಂಬಿದರೆ ಪಕ್ಕೆ ಸೀಳಿ ಸ್ಫೋಟಿಸಬಹುದು. ‘ಗಾಳಿ ಹಿಡಿಸಿ ಹೊರಡಿ’ ಎನ್ನುವ ಸಾಲು ಅದೇ ಸಂದೇಶದಲ್ಲಿದೆ, ನನಗೆ ಹೆಚ್ಚು ಭಯ ಅದರದ್ದೇ.

ಬದಲಿಸುವುದಾದರೆ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಡಿ. ಜಾಕ್ ಏರಿಸುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಲಾಕ್ ರಿಂಗ್ (ಟೈರನ್ನು ಡಿಸ್ಕ್‌ನಲ್ಲಿ ಹಿಡಿದಿಡುವ ಉಕ್ಕಿನ ಬಳೆ) ಇರುವ ಡಿಸ್ಕ್ ಆದರೆ, ನಟ್ಟು ಸಡಿಲಿಸುವ ಮೊದಲೇ ಜೋಡಿಯ ಎರಡೂ ಟೈರುಗಳ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಹಾರಿದ ರಿಂಗ್ ಜೀವ ತೆಗೆಯುತ್ತದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.