ಬಣ್ಣ ಬಿಡಿ, ಸೋರಿದರೆ ಎಲ್ಲಿಗೆ ಹೋಗುತ್ತದೆ ಹೇಳಿ

"ಅಣ್ಣ, ಹಸಿರು ಕೂಲೆಂಟ್ ಒಳ್ಳೆಯದಾ, ಕೆಂಪು ಒಳ್ಳೆಯದಾ?"

ಮಳೆಗಾಲ ಹತ್ತಿರ ಬಂತು ಅಂದರೆ ತೋಟಗಳಿಂದ ನನಗೆ ಬರುವ ಫೋನ್ ಇದೇ. ಒಂದು ಮರ ಲೈನ್ ಮೇಲೆ ಬಿದ್ದರೆ ಮೂರ್ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಜನರೇಟರ್ ಓಡಲೇಬೇಕು. ಅದರ ಇಂಜಿನ್ ಅತಿಯಾಗಿ ಬಿಸಿಯಾಗದಂತೆ ಒಳಗೆ ಸುತ್ತುವ ದ್ರವವೇ ಕೂಲೆಂಟ್. ಆದರೆ ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ಒಂದು ಕಂಪನಿಯ ಹಸಿರು ಇನ್ನೊಂದು ಕಂಪನಿಯ ಹಸಿರಲ್ಲ. ಒಳಗೆ ತುಕ್ಕು ತಡೆಯಲು ಹಾಕಿರುವ ರಾಸಾಯನಿಕ ಬೇರೆ ಬೇರೆ. ಎರಡನ್ನು ಬೆರೆಸಿದರೆ ಕೆಲವು ಸಲ ಗಂಜಿಯ ಹಾಗೆ ಗಟ್ಟಿಯಾಗಿ ರೇಡಿಯೇಟರ್ ಕಟ್ಟಿಕೊಳ್ಳುತ್ತದೆ. ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಯಾವುದು ಹಾಕಬೇಕು ಅಂತ ಬರೆದಿರುತ್ತದೆ. ಅದನ್ನೇ ಹಾಕಿ.

ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಬರೀ ನೀರು ಸಾಲದಾ ಅನ್ನುವವರೂ ಇದ್ದಾರೆ. ಸಾಲದು. ಬರೀ ನೀರಿಗೆ ಇಂಜಿನ್ ಬ್ಲಾಕ್ ಒಳಗೆ ತುಕ್ಕು ಹಿಡಿಯುತ್ತದೆ. ಜೊತೆಗೆ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಅನ್ನುವ ದ್ರವ ನೀರಿಗೆ ಬೆರೆತರೆ ಕುದಿಯುವ ಮಟ್ಟ ಮೇಲೇರುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಇನ್ನೂ ಮೇಲೇರುತ್ತದೆ. ಹಾಗಂತ ಜಾಸ್ತಿ ಸುರಿದರೆ ಜಾಸ್ತಿ ತಂಪು ಅಂದುಕೊಳ್ಳಬೇಡಿ. ಶಾಖ ಹೊರುವುದರಲ್ಲಿ ನೀರನ್ನು ಮೀರಿಸುವುದು ಕಷ್ಟ. ಒಂದು ಕಿಲೋ ನೀರು ಒಂದು ಡಿಗ್ರಿ ಏರುವಾಗ 4.2 ಕಿಲೋಜೌಲ್ ಶಾಖ ಹೊರುತ್ತದೆ. ಅರ್ಧಕ್ಕೆ ಅರ್ಧ ಗ್ಲೈಕಾಲ್ ಬೆರೆಸಿದರೆ ಅದು ಸುಮಾರು 3.3ಕ್ಕೆ ಇಳಿಯುತ್ತದೆ.

ಇದೆಲ್ಲ ಲೆಕ್ಕದ ಮಾತು. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇದು ಸೋರಿದರೆ ಎಲ್ಲಿಗೆ ಹೋಗುತ್ತದೆ?

ಆ ಪ್ರಶ್ನೆ ಕಲಿಸಿದ್ದು ಒಂದು ನಾಯಿ. ಸೋಮವಾರಪೇಟೆ ಕಡೆಯ ತೋಟದಲ್ಲಿ ಜನರೇಟರ್‌ನ ಹಳೆ ಕೂಲೆಂಟ್ ಬಸಿದು ಬೇಸಿನ್‌ನಲ್ಲಿ ಇಟ್ಟು ಊಟಕ್ಕೆ ಹೋಗಿದ್ದೆ. ಅದರಲ್ಲಿದ್ದ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತದೆ. ತೋಟದ ನಾಯಿ ಬಂದು ನೆಕ್ಕಿತ್ತು. ಸಂಜೆ ಕುಡಿದವರ ಹಾಗೆ ತೂರಾಡುತ್ತಿತ್ತು. ಮಾರನೇ ದಿನ ಸುಧಾರಿಸಿದ ಹಾಗೆ ಕಂಡಿತು. ಮೂರನೇ ದಿನ ಸತ್ತುಹೋಯಿತು, ಮೂತ್ರಪಿಂಡ ಕೆಟ್ಟು. ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ಅದನ್ನು ಹೂಳುವಾಗ ನಾನೂ ಅಲ್ಲೇ ನಿಂತಿದ್ದೆ. ಆ ಮಕ್ಕಳಲ್ಲೇ ಯಾರಾದರೂ ಬೆರಳು ಅದ್ದಿ ನೆಕ್ಕಿದ್ದರೆ ಅನ್ನುವ ಯೋಚನೆ ಇವತ್ತಿಗೂ ಹೋಗಿಲ್ಲ. 2022ರಲ್ಲಿ ಗ್ಯಾಂಬಿಯಾದಲ್ಲಿ ಮಕ್ಕಳು ಸತ್ತ ಸುದ್ದಿ ನೆನಪಿದೆ ಅಲ್ವಾ? ಅಲ್ಲಿನ ಕೆಮ್ಮಿನ ಸಿರಪ್‌ಗಳಲ್ಲಿ ಸಿಕ್ಕಿದ ಎರಡು ವಿಷಗಳಲ್ಲಿ ಒಂದು ಇದೇ.

ಈಗ ಹಾಲು ತಣಿಸುವ ಯಂತ್ರದ, ಅಂದರೆ ಚಿಲ್ಲರ್‌ನ ವಿಷಯಕ್ಕೆ ಬರುತ್ತೇನೆ. ಒಂದು ಸಣ್ಣ ಘಟಕದಲ್ಲಿ ಕೂಲೆಂಟ್ ವಾರಕ್ಕೆ ಎರಡು ಲೀಟರ್ ಕಮ್ಮಿಯಾಗುತ್ತಿತ್ತು. ಹುಡುಗರು ತುಂಬಿಸುತ್ತಿದ್ದರು. ಎಲ್ಲಿ ಹೋಗುತ್ತಿದೆ ಅಂತ ಯಾರೂ ಕೇಳಿರಲಿಲ್ಲ. ಚಿಲ್ಲರ್ ಒಳಗಿನ ಪ್ಲೇಟ್‌ಗಳ ಒಂದು ಕಡೆ ಹಾಲು, ಇನ್ನೊಂದು ಕಡೆ ಕೂಲೆಂಟ್, ನಡುವೆ ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಸ್ಟೀಲ್ ಹಾಳೆ. ಪುಣ್ಯಕ್ಕೆ ಅವತ್ತು ಸೋರುತ್ತಿದ್ದದ್ದು ಹೊರಗಿನ ಗ್ಯಾಸ್ಕೆಟ್‌ನಿಂದ. ಆದರೆ ಒಳಗಿದ್ದದ್ದು ವಾಹನಕ್ಕೆ ಹಾಕುವ, ಅದೇ ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್! ಅಗ್ಗ ಅಂತ ತಂದಿದ್ದರು.

ಆಹಾರ ಮುಟ್ಟುವ ಕಡೆ ಅದು ಬೇಡವೇ ಬೇಡ. ಅಲ್ಲಿಗೆ ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ಇದೆ. ಬೆಲೆ ಜಾಸ್ತಿ, ಚಳಿಗೆ ಜಾಸ್ತಿ ಮಂದವಾಗುತ್ತದೆ, ಪಂಪ್‌ಗೆ ಹೊರೆ. ಆದರೂ ಅದೇ ಸರಿ. ಖರ್ಚು ಉಳಿಸಲು ನೀರು ಬೆರೆಸಿ ಶೇಕಡಾ 20ಕ್ಕಿಂತ ತೆಳುಮಾಡಿದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದು ನಾತ ಬರುತ್ತದೆ. 4 ಡಿಗ್ರಿಗೆ ಹಾಲು ತಣಿಸುವುದಷ್ಟೇ ಕೆಲಸವಾದರೆ ಐಸ್ ಕಟ್ಟಿಸಿ ಆ ತಣ್ಣೀರನ್ನೇ ಓಡಿಸಬಹುದು. ನನಗೆ ಅದೇ ಇಷ್ಟ. ಹಾಲಿನ ಕಡೆಯ ಒತ್ತಡ ಕೂಲೆಂಟ್ ಕಡೆಗಿಂತ ಸ್ವಲ್ಪ ಮೇಲಿರಲಿ. ಆಗ ತೂತು ಬಿದ್ದರೂ ಹಾಲು ಆಚೆ ಹೋಗುತ್ತದೆಯೇ ಹೊರತು ಕೂಲೆಂಟ್ ಈಚೆ ಬರುವುದಿಲ್ಲ.

ಕಾಫಿ ಡ್ರೈಯರ್‌ನಲ್ಲಿ ಗಾಳಿಯೇ ಶಾಖ ಹೊರುತ್ತದೆ. ಅಲ್ಲೂ ಪ್ರಶ್ನೆ ಇದೇ. ಸೌದೆ ಒಲೆಯ ಕೊಳವೆ ತೂತಾದರೆ ಹೊಗೆ ನೇರ ಬೀಜಕ್ಕೆ. ಕಪ್ ರುಚಿ ನೋಡುವವರು ಒಂದೇ ಗುಟುಕಿಗೆ ಹಿಡಿದುಬಿಡುತ್ತಾರೆ. ವರ್ಷದ ದುಡಿಮೆ ಅಲ್ಲಿಗೆ ಹೋಯಿತು. ಕೊಯ್ಲಿಗೆ ಮುಂಚೆ ಒಲೆ ಹಚ್ಚಿ ಬೀಜ ಹಾಕದೆ ಒಮ್ಮೆ ಓಡಿಸಿ, ಬರುವ ಗಾಳಿ ಮೂಸಿ ನೋಡಿ.

ಥರ್ಮಲ್ ಆಯಿಲ್, ಅಂದರೆ ನೀರು ಹಬೆಯ ಬದಲು ಶಾಖ ಹೊರುವ ಎಣ್ಣೆ, ನಮ್ಮ ಕಡೆ ಕಮ್ಮಿ. 180 ಡಿಗ್ರಿ ಹಬೆಗೆ ಸುಮಾರು 10 ಬಾರ್ ಒತ್ತಡ ಬೇಕು, ಎಣ್ಣೆಗೆ ಆ ಒತ್ತಡ ಬೇಡ. ಆದರೆ ಸೋರಿದ ಎಣ್ಣೆ ಶಾಖ ಹೊರಹೋಗದಂತೆ ಪೈಪಿಗೆ ಸುತ್ತಿದ ಉಣ್ಣೆಯಂಥ ಹೊದಿಕೆಯೊಳಗೆ ಇಂಗಿ ತಾನಾಗಿಯೇ ಹೊತ್ತಿಕೊಳ್ಳಬಹುದು.

ಹಳೆ ಕೂಲೆಂಟ್ ಚರಂಡಿಗೆ ಬಿಡಬೇಡಿ, ದಯವಿಟ್ಟು. ಶೆಡ್ ಹಿಂದಿನ ಚರಂಡಿ ತೋಡಿಗೆ ಸೇರುತ್ತದೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ನಾನೀಗ ಮುಚ್ಚಳದ ಕ್ಯಾನ್ ಇಟ್ಟುಕೊಂಡೇ ಬಸಿಯುತ್ತೇನೆ, ಮೇಲೆ ವಿಷ ಅಂತ ದೊಡ್ಡದಾಗಿ ಬರೆದು. ಮುಂದಿನ ಸಲ ಫೋನ್ ಮಾಡುವಾಗ ಬಣ್ಣ ಹೇಳಬೇಡಿ. ಮೆಷಿನ್ ಯಾವುದು, ಪಕ್ಕದಲ್ಲಿ ಹಾಲಿದೆಯಾ, ಕಾಫಿ ಇದೆಯಾ, ಕೆಳಗೆ ತೋಡಿದೆಯಾ, ಅದನ್ನು ಹೇಳಿ.