ಸೆಳೆತ ಬಂದರೂ ಹೇಳದವಳು

ಮೊನ್ನೆ ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಮಾತು ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿ ಡೆಲ್ಲಿಯಲ್ಲಿ ಧರಣಿ ಕೂತಿದ್ದ ಕುಸ್ತಿ ಹುಡುಗಿಯರ ಕಡೆ ತಿರುಗಿತು. "ಅಷ್ಟು ಗಟ್ಟಿ ಹೆಣ್ಣುಮಕ್ಕಳು, ಅಲ್ಲೇ ನಾಲ್ಕು ಬಾರಿಸೋದು ಬಿಟ್ಟು ಯಾಕೆ ಸುಮ್ನಿದ್ರು?" ಅಂದರು ನಮ್ಮ ಸಂಬಂಧಿಕರೊಬ್ಬರು. ದುಗ್ಗಮ್ಮನ ಜಾತ್ರೆಯ ಕುಸ್ತಿ ಒಂದನ್ನೂ ತಪ್ಪಿಸದ ಮನುಷ್ಯ.

ನಾನು ಚಳ್ಳಕೆರೆ ಕಡೆಯವಳು. ಹೈಸ್ಕೂಲಲ್ಲಿ ಖೊಖೊ ಆಡುತ್ತಿದ್ದೆ. ನಮ್ಮ ಟೀಮಿನಲ್ಲಿ ನನಗಿಂತ ಚೆನ್ನಾಗಿ ಆಡುವವಳೊಬ್ಬಳಿದ್ದಳು. ಕಂಬದ ಹತ್ತಿರ ಡೈವ್ ಹೊಡೆದಳೆಂದರೆ ಎದುರಿನವಳು ಔಟ್ ಅಂತಲೇ ಲೆಕ್ಕ. ಆದರೆ ಕಾಲಿಗೆ ಸೆಳೆತ ಬಂದರೆ ಹೇಳುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ಹಾಗೇ ಕೂತಿರುತ್ತಿದ್ದಳು. ಹೇಳಿದರೆ ಪಿಟಿ ಮೇಷ್ಟ್ರು ಮುಲಾಮಿನ ಡಬ್ಬಿ ಹಿಡಿದು ಬರುತ್ತಿದ್ದರು. ಮೀನಖಂಡಕ್ಕೆ ಹಚ್ಚುವ ಕೈ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ತಾಲೂಕು ಟೀಮಿಗೆ ಹೆಸರು ಬರೆಯುವ ಪೆನ್ನು ಅವರ ಜೇಬಲ್ಲಿತ್ತಲ್ಲ, ಯಾರೂ ಬಾಯಿ ಬಿಡಲಿಲ್ಲ.

ಕೊನೆಗೊಂದು ದಿನ ಅವಳು ಮನೆಯಲ್ಲಿ ಹೇಳಿದಳು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಮನೆಯವರು ಅವಳ ಆಟ ಬಿಡಿಸಿದರು. ಅವಳ ಜಾಗದಲ್ಲಿ ನಾನು ತಾಲೂಕಿಗೆ ಆಡಿದೆ. ಆ ಸರ್ಟಿಫಿಕೇಟ್ ಇನ್ನೂ ಬೀರುವಿನಲ್ಲಿದೆ.

ಅದಕ್ಕೇ "ಯಾಕೆ ಸುಮ್ನಿದ್ರು" ಅಂದರೆ ನನಗೆ ಮೈ ಉರಿಯುತ್ತದೆ. ಹುಡುಗಿಗೆ ಕೋಚ್‌ಗಿಂತ ಮನೆಯವರ ಭಯವೇ ಜಾಸ್ತಿ. ಇನ್ನು ಬಾಯಿ ಬಿಟ್ಟವರ ಕಥೆ ನೋಡಿ. ವಿನೇಶ್ ಫೋಗಟ್, ಸಾಕ್ಷಿ ಮಲಿಕ್ 2023ರ ಜನವರಿಯಲ್ಲಿ ಡೆಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಎಫ್‌ಐಆರ್ ಆಗಿದ್ದು ಏಪ್ರಿಲ್ ಕೊನೆಗೆ, ಅದೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಫೆಡರೇಷನ್ ಅಧ್ಯಕ್ಷರಾಗಿದ್ದ ಬ್ರಿಜ್ ಭೂಷಣ್ ಆರೋಪವನ್ನು ಒಪ್ಪಿಲ್ಲ, ಅದು ಕೋರ್ಟಿಗೆ ಬಿಟ್ಟಿದ್ದು. ಆದರೆ ಅವರ ಆಪ್ತರೇ ಫೆಡರೇಷನ್ ಚುನಾವಣೆ ಗೆದ್ದ ದಿನ ಸಾಕ್ಷಿ ಅಳುತ್ತಾ ಕುಸ್ತಿ ಬೂಟುಗಳನ್ನು ಮೇಜಿನ ಮೇಲಿಟ್ಟು ಹೋದರು. ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವಳ ಗತಿ ಇದು!

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯುವ 2013ರ ಕಾನೂನು ಸ್ಟೇಡಿಯಂ, ತರಬೇತಿ ಕೇಂದ್ರಗಳನ್ನೂ ಕೆಲಸದ ಜಾಗ ಅಂತಲೇ ಹೇಳುತ್ತದೆ. ದೂರು ಕೇಳೋಕೆ ಸಮಿತಿ ಇರಲೇಬೇಕು. ಮಕ್ಕಳಾದರೆ ಲೈಂಗಿಕ ದೌರ್ಜನ್ಯದ ವಿರುದ್ಧ ಪೋಕ್ಸೊ ಕಾನೂನು ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಮಗಳನ್ನು ಸೇರಿಸುವಾಗ ಫೀಸು ಕೇಳುತ್ತೇವೆ, ಶೂ ಯಾವುದು ಅಂತ ಕೇಳುತ್ತೇವೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಎಷ್ಟು ಜನ ಕೇಳಿದ್ದೀವಿ? ನಾನೂ ಕೇಳಿರಲಿಲ್ಲ.

ಮಗಳು ಇಲ್ಲೇ ದಾವಣಗೆರೆಯಲ್ಲಿ ಓಟದ ತರಬೇತಿಗೆ ಹೋಗುತ್ತಾಳೆ. ಆವತ್ತು ರಾತ್ರಿ ಅವಳ ತಲೆ ಬಾಚುತ್ತಾ ಹೇಳಿದೆ, "ಏನೇ ಆದರೂ ನನಗೆ ಹೇಳು. ನಿನ್ನ ಓಟ ಬಿಡಿಸಲ್ಲ."

"ಅಪ್ಪಾನೂ ಬಿಡಿಸಲ್ವಾ?" ಅಂದಳು.

ಟಿವಿ ನೋಡುತ್ತಿದ್ದ ಗಂಡನ ಮುಖ ನೋಡಿದೆ. ಅವರು ಸೌಂಡ್ ಕಡಿಮೆ ಮಾಡಿದರು.